ಬೆಳೆಗಾರರು ಹಳ್ಳದ ಮಾತೇ ಎತ್ತಲಿಲ್ಲ: ವಿನ್ಯಾಸ ಮಾಡುವಾಗ ಯಾರನ್ನೆಲ್ಲ ಲೆಕ್ಕಕ್ಕೆ ತಗೊಳ್ಳಬೇಕು?

ಪ್ರಶ್ನೆ: ಪ್ರಾಡಕ್ಟ್ ಡಿಸೈನ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಈಗ ಊರಿಗೆ ವಾಪಸ್ ಬಂದಿದ್ದೇನೆ. ಹಾಸನದಲ್ಲಿ ನಮ್ಮ ಸೋದರಮಾವನ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇದೆ. ಅಲ್ಲಿ ಸಣ್ಣ ಬೆಳೆಗಾರರಿಗೆ ಒಂದು ಕಾಫಿ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಮಾಡಲು ಹೊರಟಿದ್ದೇವೆ. ಕಾಲೇಜಿನಲ್ಲಿ ಕಲಿತ ಹಾಗೆ ಮೊದಲು ಬೆಳೆಗಾರರನ್ನು ಮಾತಾಡಿಸಿದೆ. ಕೆಲಸ ಬೇಗ ಮುಗಿಯಬೇಕು, ಬೀಜಕ್ಕೆ ಪೆಟ್ಟಾಗಬಾರದು, ಬೆಲೆ ಕಡಿಮೆ ಇರಬೇಕು, ರಿಪೇರಿ ಊರಲ್ಲೇ ಆಗಬೇಕು ಎಂದರು. ಪಲ್ಪಿಂಗ್ ನೀರು ಎಲ್ಲಿಗೆ ಹೋಗುತ್ತದೆ ಎಂಬ ಮಾತನ್ನು ಒಬ್ಬರೂ ಎತ್ತಲಿಲ್ಲ. ಅದು ಸೀದಾ ಹಳ್ಳಕ್ಕೆ ಹೋಗುವುದನ್ನು ನಾನೇ ಕೆಲವು ಕಡೆ ನೋಡಿದೆ. ಈಚೆಗೆ ಒಂದು ಕಾರ್ಯಾಗಾರದಲ್ಲಿ ಮಾತಾಡಿದವರೊಬ್ಬರು, 'ಮನುಷ್ಯ ಕೇಂದ್ರಿತ ವಿನ್ಯಾಸದ ಕಾಲ ಮುಗಿಯಿತು, ಭೂಮಿ ಹಾಳಾಗಿದ್ದೇ ಅದರಿಂದ, ಇನ್ನು ಮುಂದೆ ಭೂಮಿಯೇ ಕೇಂದ್ರ' ಎಂದರು. ಮಾವ ನೋಡಿದರೆ, 'ಅವರು ಕೇಳಿದ್ದು ಮಾಡಿಕೊಡಮ್ಮ. ರೇಟು ಜಾಸ್ತಿ ಮಾಡಿದ್ರೆ ಪಕ್ಕದ ವರ್ಕ್‌ಶಾಪಿಗೆ ಹೋಗ್ತಾರೆ' ಅನ್ನುತ್ತಾರೆ. ನಾನು ಕಲಿತದ್ದೇ ತಪ್ಪಾ? ಈಗ ಎಂಥ ಯಂತ್ರ ಮಾಡಲಿ?
ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಟ್ಟಿಗೆ ಸೇರಿಕೊಂಡಿವೆ. ಕಲಿತ ವಿದ್ಯೆ ಹಳೆಯದಾಯಿತಾ ಎಂಬುದು ಒಂದು. ನಾಳೆ ವರ್ಕ್‌ಶಾಪಿನಲ್ಲಿ ಯಾವ ಶೀಟು ಕತ್ತರಿಸಬೇಕು ಎಂಬುದು ಇನ್ನೊಂದು. ಎರಡನೆಯದೇ ಅವಸರದ್ದು. ಆದರೆ ಮೊದಲನೆಯದನ್ನು ಬಿಡಿಸಿಕೊಳ್ಳದೆ ಅದಕ್ಕೆ ಕೈಹಾಕಿದರೆ ಅರ್ಧ ದಾರಿಯಲ್ಲಿ ಮತ್ತೆ ಇದೇ ಪ್ರಶ್ನೆ ಎದುರಾಗುತ್ತದೆ.

ನೀವು ಕಲಿತ ವಿಧಾನ ಚೆನ್ನಾಗಿಯೇ ಇದೆ. ಅದನ್ನು ತೀರಾ ಸಣ್ಣ ಗುಂಪಿನ ಮೇಲೆ ಬಳಸಿದ್ದೀರಿ, ಅಷ್ಟೆ. ನೀವು ಮಾತಾಡಿಸಿದ್ದು ಯಂತ್ರ ಕೊಳ್ಳುವವರನ್ನು. ಅದಕ್ಕೆ ಹಣ್ಣು ಸುರಿಯುವವರು, ಗುಂಡಿ ಬಾಚುವವರು, ಬೇರಿಂಗ್ ಹೋದಾಗ ಬಿಚ್ಚುವವರು, ಹಳ್ಳದ ಕೆಳಗಡೆ ಗದ್ದೆ ಇರುವವರು ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ. ಇವರೂ ಮನುಷ್ಯರೇ ಅಲ್ವಾ? ಇವರನ್ನು ಬಿಟ್ಟ ವಿನ್ಯಾಸವನ್ನು ಮನುಷ್ಯ ಕೇಂದ್ರಿತ ಎಂದು ಕರೆಯುವುದೇ ಜಾಸ್ತಿಯಾಯಿತು. ಅದು ಗಿರಾಕಿ ಕೇಂದ್ರಿತ.

ಕಾರ್ಯಾಗಾರದಲ್ಲಿ ಕೇಳಿದ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಮನುಷ್ಯನನ್ನು ನಡುವೆ ಇಟ್ಟು ವಿನ್ಯಾಸ ಮಾಡಿ ಎಂದು ಹೇಳಬೇಕಾಗಿ ಬಂದದ್ದು ಯಾಕೆ? ಅದಕ್ಕೂ ಮುಂಚೆ ಯಂತ್ರವೇ ನಡುವೆ ಇತ್ತು, ಮನುಷ್ಯ ಅದಕ್ಕೆ ಹೊಂದಿಕೊಳ್ಳಬೇಕಿತ್ತು. 1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿತು. ಕಂಟ್ರೋಲ್ ರೂಮಿನ ದೀಪ ಮಾತ್ರ ಮುಚ್ಚಿದೆ ಎಂಬಂತೆ ತೋರಿಸುತ್ತಿತ್ತು. ಮುಚ್ಚು ಎಂಬ ಆದೇಶ ಹೋಗಿದೆ ಎಂಬುದಷ್ಟೇ ಆ ದೀಪಕ್ಕೆ ಗೊತ್ತಿತ್ತು. ವಾಲ್ವ್ ನಿಜಕ್ಕೂ ಮುಚ್ಚಿದೆಯಾ ಎಂದು ಅದು ಹೇಳುತ್ತಿರಲಿಲ್ಲ. ಒಳಗಿದ್ದವರು ದೀಪ ನಂಬಿದರು. ಎರಡು ಗಂಟೆಗೂ ಮೀರಿ ನೀರು ಹೋಗುತ್ತಲೇ ಇತ್ತು, ರಿಯಾಕ್ಟರಿನ ಒಳಭಾಗ ಅರ್ಧಂಬರ್ಧ ಕರಗಿತು. ಅವರೇನು ದಡ್ಡರಲ್ಲ. ಫಲಕ ಮಾಡಿದವರು ಅದನ್ನು ನೋಡುವ ಕಣ್ಣನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇಂಥ ಅನುಭವಗಳಿಂದಲೇ ಬಳಸುವವರನ್ನು ಗಮನಿಸಿ, ಕೇಳಿ, ಮಾದರಿ ಮಾಡಿ, ಮತ್ತೆ ತಿದ್ದುವ ಪದ್ಧತಿ 1980ರ ದಶಕದಲ್ಲಿ ಗಟ್ಟಿಯಾಯಿತು.

ಅದನ್ನು ಬಿಟ್ಟುಬಿಡಿ ಎನ್ನುವವರನ್ನು ಒಂದು ಸಂಜೆ ಪಲ್ಪರ್ ಮನೆಗೆ ಕರೆದುಕೊಂಡು ಹೋಗಬೇಕು. ಹಣ್ಣು ಅಳೆದು ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ. ಅವತ್ತಿನ ಹಣ್ಣು ಅವತ್ತೇ ಪಲ್ಪ್ ಆಗಬೇಕು. ಒಂದೇ ಬಲ್ಬು, ಸಿಪ್ಪೆ ಬಿದ್ದು ಜಾರುವ ನೆಲ, ಬರಿಗಾಲು, ಕವರ್ ಇಲ್ಲದ ಬೆಲ್ಟು. ಹಣ್ಣು ಸುರಿಯುವ ಹಾಪರಿನಲ್ಲಿ ಅದು ಕಟ್ಟಿಕೊಂಡರೆ ಸೌದೆ ತುಂಡಿನಲ್ಲಿ ತಳ್ಳುತ್ತಾರೆ, ತುಂಡು ಸಿಗದಿದ್ದರೆ ಕೈಯಲ್ಲೇ. ಪಲ್ಪರ್ ನಡೆಸುವವರಲ್ಲಿ ಈಗ ಅಸ್ಸಾಂ ಕಡೆಯಿಂದ ಬಂದವರೂ ಇರುತ್ತಾರೆ. ಸ್ವಿಚ್ಚಿನ ಪಕ್ಕ ಕನ್ನಡದಲ್ಲಿ ಬರೆದ ಸೂಚನೆ ಅವರಿಗೆ ಓದಲು ಬರುವುದಿಲ್ಲ. ಭೂಮಿಯೇ ಕೇಂದ್ರ ಎಂದುಕೊಂಡು ನೀರು ಉಳಿಸುವ ಯಂತ್ರ ಮಾಡಿ, ಅದರಲ್ಲೂ ಹಾಪರಿನ ಬಾಯಿ ಹಾಗೇ ಬಿಟ್ಟರೆ ಯಾರಿಗೆ ಒಳ್ಳೆಯದು ಮಾಡಿದ ಹಾಗಾಯಿತು?

ಇನ್ನೊಂದು ವಿಷಯ. ಈ ಪದ್ಧತಿಗೆ ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ, ಐಎಸ್‌ಒ 9241-210. ಅದು 2010ರಲ್ಲಿ ಬಂತು, 2019ರಲ್ಲಿ ಪರಿಷ್ಕರಣೆಯಾಯಿತು. ಮುಖ್ಯವಾಗಿ ಕಂಪ್ಯೂಟರ್ ವ್ಯವಸ್ಥೆಗಳಿಗೆ ಬರೆದದ್ದು. ಯಂತ್ರ ಬಳಸುವವರ ಜೊತೆಗೆ ಅದರಿಂದ ಪರಿಣಾಮಕ್ಕೆ ಒಳಗಾಗುವ ಬೇರೆಯವರನ್ನೂ ನೋಡಬೇಕು ಎಂದು ಅದರಲ್ಲೇ ಇದೆ. 2010ರ ಆವೃತ್ತಿಯಲ್ಲಿ ಸುಸ್ಥಿರತೆಗೆ ಅಂತಲೇ ಒಂದು ಭಾಗವೂ ಇತ್ತು. ಪುಸ್ತಕದಲ್ಲಿ ಇದ್ದದ್ದು ಕೆಲಸದಲ್ಲಿ ಬರಲಿಲ್ಲ. ಕಾರಣ ಸರಳ. ವಿನ್ಯಾಸಕ್ಕೆ ದುಡ್ಡು ಕೊಡುವವರು ಗಿರಾಕಿ ಕೇಳಿದ್ದನ್ನು ಮಾತ್ರ ಕೇಳುತ್ತಾರೆ. ಹಳ್ಳದ ಕೆಳಗಿನವರು ಬಿಲ್ ಕಟ್ಟುವುದಿಲ್ಲ. ಹಾಗಾಗಿ ಆ ಭಾಷಣಕಾರರ ಸಿಟ್ಟಿಗೆ ಕಾರಣ ಇದೆ, ಸಿಟ್ಟು ತಿರುಗಿದ ದಿಕ್ಕಷ್ಟೇ ತಪ್ಪು.

ಈಗ ನಿಮ್ಮ ಬೆಳೆಗಾರರ ವಿಷಯ. ಅವರು ಹಳ್ಳದ ಮಾತು ಎತ್ತಲಿಲ್ಲ ಎಂದರೆ ಅವರಿಗೆ ಹಳ್ಳದ ಮೇಲೆ ಕಾಳಜಿ ಇಲ್ಲ ಎಂದು ತೀರ್ಮಾನಿಸಬೇಡಿ. 'ಯಂತ್ರ ಹೇಗಿರಬೇಕು' ಎಂದು ಕೇಳಿದರೆ ಯಂತ್ರದ ಬಗ್ಗೆ ಹೇಳುತ್ತಾರೆ. 'ನೀರು ಹಳ್ಳಕ್ಕೆ ಬಿಡ್ತೀರಾ' ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಯಾಕೆಂದರೆ ಅದು ಕಾನೂನಿನ ಪ್ರಕಾರ ತಪ್ಪು ಎಂದು ಎಲ್ಲರಿಗೂ ಗೊತ್ತು. ಮಲೆನಾಡಿನ ಬೆಳೆಗಾರರ ಹತ್ತಿರ ಕೇಳಬೇಕಾದ ಪ್ರಶ್ನೆ ಬೇರೆ: 'ಪಲ್ಪಿಂಗ್ ಮುಗಿದ ಮೇಲೆ ಹೂ ನೀರಿಗೆ ಕೆರೆಯಲ್ಲಿ ಎಷ್ಟು ಉಳಿಯುತ್ತೆ?'

ಈ ಪ್ರಶ್ನೆ ಹಾಕಿ ನೋಡಿ, ಮಾತು ಎಲ್ಲಿಂದೆಲ್ಲಿಗೆ ಹೋಗುತ್ತದೆ ಗೊತ್ತಾಗುತ್ತದೆ. ರೊಬಸ್ಟಾ ಜಾತಿಯ ಕಾಫಿಯ ಕೊಯ್ಲು ಜನವರಿ, ಫೆಬ್ರವರಿಯಲ್ಲಿ ಜೋರು. ಅದೇ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೂ ಅರಳಿಸಲು ಸ್ಪ್ರಿಂಕ್ಲರ್ ಬಿಡಬೇಕು. ಹೂ ಮಳೆ ಬಂದರೆ ಪುಣ್ಯ. ಬಾರದಿದ್ದರೆ ತೋಟದ ಕೆರೆಯೇ ಗತಿ. ಪಲ್ಪರ್ ಕುಡಿಯುವುದೂ ಅದೇ ಕೆರೆ, ಸ್ಪ್ರಿಂಕ್ಲರ್ ಕುಡಿಯುವುದೂ ಅದೇ ಕೆರೆ. ಪಲ್ಪರಿಗೆ ಹೋದ ನೀರು ಮುಂದಿನ ವರ್ಷದ ಫಸಲಿನಿಂದ ಕಿತ್ತುಕೊಂಡದ್ದು ಎಂಬುದು ಬೆಳೆಗಾರರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅದನ್ನು ಅವರು ಪಲ್ಪರಿನ ಖಾತೆಗೆ ಬರೆದಿಲ್ಲ, ಮಳೆಯ ಖಾತೆಗೆ ಬರೆದಿದ್ದಾರೆ. ಇದು ಯಂತ್ರದ ವಿಷಯವೂ ಹೌದು ಎಂದು ತೋರಿಸುವುದು ನಿಮ್ಮ ಕೆಲಸ. ಹಾಗೆ ತೋರಿಸಲು ನೀವು ಕಲಿತದ್ದೇ ಬೇಕು: ಹೋಗಿ ಕೂತು ನೋಡುವುದು, ಸರಿಯಾದ ಪ್ರಶ್ನೆ ಕೇಳುವುದು.

ಆದರೂ ಕೇಳಿ ತಿಳಿಯಲಾಗದ ಸಂಗತಿಗಳಿವೆ. ಪಲ್ಪಿಂಗ್ ನೀರಿನಲ್ಲಿ ಸಕ್ಕರೆ, ಲೋಳೆ, ಸಿಪ್ಪೆಯ ರಸ ಎಲ್ಲ ಕರಗಿರುತ್ತದೆ. ಹಳ್ಳಕ್ಕೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ, ತಿನ್ನುವಾಗ ನೀರಿನಲ್ಲಿರುವ ಆಮ್ಲಜನಕ ಎಳೆದುಕೊಳ್ಳುತ್ತವೆ. ಎಷ್ಟು ಎಳೆಯುತ್ತವೆ ಎಂಬುದರ ಅಳತೆಯೇ ಬಿಒಡಿ. ಮನೆಯ ಚರಂಡಿ ನೀರಿನಲ್ಲಿ ಅದು ಲೀಟರಿಗೆ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ. ಪಲ್ಪಿಂಗ್ ನೀರಿನಲ್ಲಿ ಸಾವಿರಗಳ ಲೆಕ್ಕ. ಒಳ್ಳೆಯ ಹರಿಯುವ ಹಳ್ಳದ ಒಂದು ಲೀಟರ್ ನೀರಿನಲ್ಲಿ ಇರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ನಿಮ್ಮ ಪಲ್ಪರಿನ ನೀರಿನ ಬಿಒಡಿ 4,000 ಇದೆ ಎಂದಿಟ್ಟುಕೊಂಡು ಭಾಗಿಸಿ. ಒಂದು ಲೀಟರ್ ಹೊಲಸು ನೀರು 500 ಲೀಟರ್ ಹಳ್ಳದ ಉಸಿರು ತೆಗೆಯಬಲ್ಲದು. ಲೆಕ್ಕ ಒರಟು, ಯಾಕೆಂದರೆ ಹಳ್ಳ ಕಲ್ಲಿನ ಮೇಲೆ ಬಿದ್ದು ಎದ್ದು ಗಾಳಿ ಸೇರಿಸಿಕೊಳ್ಳುತ್ತಾ ಇರುತ್ತದೆ. ಆದರೆ ಕೊಯ್ಲಿನ ಕಾಲ ಯಾವುದು? ಮಳೆಗಾಲ ಮುಗಿದು ಹಳ್ಳ ಸಣ್ಣಗಾಗಿರುವ ಕಾಲ. ನೀರು ಜಾಸ್ತಿ ಇರುವ ಜುಲೈಯಲ್ಲಿ ಯಾರೂ ಪಲ್ಪಿಂಗ್ ಮಾಡುವುದಿಲ್ಲ.

ಈ ಹಳ್ಳ ಹೋಗುವುದಾದರೂ ಎಲ್ಲಿಗೆ? ನಿಮ್ಮ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರ ದಾಟಿ ಗೊರೂರು ಅಣೆಕಟ್ಟಿಗೆ ಬರುತ್ತದೆ. ಅದರ ನಾಲೆಯ ನೀರು ತುಮಕೂರಿನವರ ನಲ್ಲಿಗೂ ಹೋಗುತ್ತದೆ. ತುಮಕೂರಿನ ಅಡುಗೆ ಮನೆಯಲ್ಲಿ ನಿಂತವರನ್ನು ನೀವು ಸಂದರ್ಶನ ಮಾಡಲಾಗುವುದಿಲ್ಲ, ಮಾಡಿದರೂ ಅವರಿಗೆ ಪಲ್ಪರ್ ಎಂದರೇನು ಗೊತ್ತಿರುವುದಿಲ್ಲ. ಇಂಥ ಕಡೆ ಅಭಿಪ್ರಾಯ ಸಂಗ್ರಹ ಕೆಲಸಕ್ಕೆ ಬರುವುದಿಲ್ಲ. ಸೇತುವೆ ಎಷ್ಟು ಟನ್ ತಡೆಯಬೇಕು ಎಂದು ಊರವರ ಹತ್ತಿರ ವೋಟು ಹಾಕಿಸುತ್ತಾರಾ? ಹಾಗೆಯೇ ಹಳ್ಳಕ್ಕೆ ಒಂದು ಹನಿ ಹೋಗಬಾರದು ಎಂಬುದನ್ನು ಗಿರಾಕಿಯ ಬೇಡಿಕೆಗಳ ಸಾಲಿನಲ್ಲಿ ಸೇರಿಸಬೇಡಿ. ಅಲ್ಲಿ ಸೇರಿಸಿದರೆ ಬೆಲೆಯ ಜೊತೆ ಚೌಕಾಸಿ ಶುರುವಾಗಿ ಅದೇ ಮೊದಲು ಬಿದ್ದುಹೋಗುತ್ತದೆ. ಡ್ರಾಯಿಂಗ್ ಹಾಕುವ ಮೊದಲೇ ನಿಗದಿಯಾದ ಷರತ್ತಾಗಿ ಇಡಿ.

ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇಷ್ಟೇ. ಬಳಸುವವರನ್ನು ಕೇಳಿ ತಿಳಿಯುವುದು ಒಂದು ಭಾಗ, ಅವರು ಹೇಳಲಿ ಬಿಡಲಿ ಮೀರಬಾರದ ಗೆರೆಗಳು ಇನ್ನೊಂದು ಭಾಗ. ಮೊದಲನೆಯದು ಮಾತ್ರ ಇದ್ದರೆ ಹಳ್ಳ ಸಾಯುತ್ತದೆ. ಎರಡನೆಯದು ಮಾತ್ರ ಇದ್ದರೆ ಯಂತ್ರ ಗೋಡೌನಿನಲ್ಲಿ ಗೋಣಿಚೀಲ ಹೊದ್ದು ಮಲಗುತ್ತದೆ. ಅಂಥವನ್ನು ನಾನು ಹಾಸನ, ಚಿಕ್ಕಮಗಳೂರು ಎರಡೂ ಕಡೆ ಕಂಡಿದ್ದೇನೆ. ನೀರು ಉಳಿಸಲಿ ಎಂದು ತಂದದ್ದು, ಒಂದು ಸೀಸನ್ ನಡೆದು, ಒಂದು ಬಿಡಿಭಾಗ ಸಿಗದೆ ನಿಂತದ್ದು. ಪಕ್ಕದಲ್ಲೇ ಹಳೇ ಡ್ರಮ್ ಪಲ್ಪರ್ ಧಾರಾಳವಾಗಿ ನೀರು ಕುಡಿಯುತ್ತಾ ತಿರುಗುತ್ತಿರುತ್ತದೆ.

'ಭೂಮಿಯೇ ಕೇಂದ್ರ' ಎನ್ನುವಾಗ ಭೂಮಿಯ ಪರವಾಗಿ ಮಾತಾಡುವವರು ಯಾರು ಎಂಬ ಪ್ರಶ್ನೆ ಬರುತ್ತದೆ. 2017ರಲ್ಲಿ ನ್ಯೂಜಿಲೆಂಡ್ ವಾಂಗನುಯಿ ನದಿಗೆ ಕಾನೂನಿನ ಕಣ್ಣಲ್ಲಿ ವ್ಯಕ್ತಿಯ ಸ್ಥಾನ ಕೊಟ್ಟಿತು. ಕೊಟ್ಟು ಸುಮ್ಮನಾಗಲಿಲ್ಲ. ನದಿಯ ಪರವಾಗಿ ಮಾತಾಡಲು ಇಬ್ಬರನ್ನು ನೇಮಿಸುವ ವ್ಯವಸ್ಥೆ ಮಾಡಿತು, ಒಬ್ಬರು ಸರ್ಕಾರದ ಕಡೆಯಿಂದ, ಒಬ್ಬರು ಅಲ್ಲಿನ ಮಾವೊರಿ ಜನರ ಕಡೆಯಿಂದ. ಅದೇ ವರ್ಷ ನಮ್ಮ ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆಗೂ ಅಂಥ ಸ್ಥಾನ ಕೊಟ್ಟಿತು. ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಹಲವು ರಾಜ್ಯ ದಾಟುವ ನದಿಗೆ ಒಂದು ರಾಜ್ಯದ ಅಧಿಕಾರಿಗಳು ಪೋಷಕರಾಗುವುದು ಹೇಗೆ, ಪ್ರವಾಹ ಬಂದು ಹಾನಿಯಾದರೆ ಯಾರ ಮೇಲೆ ಕೇಸು ಎಂಬ ತೊಡಕುಗಳು ಎದ್ದವು. ನದಿಗೆ ಹಕ್ಕು ಕೊಟ್ಟರೂ ಕುರ್ಚಿಯಲ್ಲಿ ಕೂತು ಮಾತಾಡುವವರು ಮನುಷ್ಯರೇ. ಹಾಗಾಗಿ ನಿಮ್ಮ ಮಾದರಿ ತೋರಿಸುವ ದಿನ ಬೆಳೆಗಾರರ ಜೊತೆಗೆ ಹಳ್ಳದ ಕೆಳಗೆ ಗದ್ದೆ ಮಾಡುವ ಒಬ್ಬರನ್ನೂ ಕರೆಯಿರಿ. ಹಳ್ಳದಲ್ಲಿ ಮೀನು, ಏಡಿ ಹಿಡಿಯುವವರು ಸಿಕ್ಕರೆ ಇನ್ನೂ ಒಳ್ಳೆಯದು. ಯಾವ ವಾರ ನೀರು ಕಪ್ಪಾಯಿತು, ಯಾವ ಗುಂಡಿಯಲ್ಲಿ ಏಡಿ ಕಾಣದಾಯಿತು ಎಂಬುದು ಅವರ ಬಾಯಲ್ಲೇ ಇರುತ್ತದೆ.

ಮನುಷ್ಯರಲ್ಲದವರನ್ನೂ ಬಳಕೆದಾರರ ಹಾಗೆ ಗಮನಿಸಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಆನೆ ಬೇಲಿಗಳನ್ನೇ ನೋಡಿ. ಸೋಲಾರ್ ಬೇಲಿಯನ್ನು ಮನುಷ್ಯ ತನಗೆ ಬೇಕಾದ ಹಾಗೆ ಮಾಡಿದ. ದಂತಕ್ಕೆ ಶಾಕ್ ತಗಲುವುದಿಲ್ಲ, ಮರ ಬೀಳಿಸಿದರೆ ತಂತಿ ಕೆಳಗೆ ಹೋಗುತ್ತದೆ ಎಂದು ಆನೆ ಕಲಿತುಕೊಂಡಿತು. ರೈಲು ಕಂಬಿಯ ಬೇಲಿ ಗಟ್ಟಿ, ನಿಜ. ಆದರೆ ನಾಗರಹೊಳೆಯಲ್ಲಿ ಅದನ್ನು ದಾಟಲು ಹೋದ ಆನೆ ಸತ್ತದ್ದೂ ಇದೆ. ಮೇಲಾಗಿ ಒಂದು ಕಡೆ ತಡೆದರೆ ಆನೆ ಪಕ್ಕದ ತೋಟಕ್ಕೆ ಹೋಗುತ್ತದೆ, ಕಾಡಿಗೆ ವಾಪಸ್ ಹೋಗುವುದಿಲ್ಲ. ಇದರ ಜೊತೆಗೆ ಬಂದ ಇನ್ನೊಂದು ದಾರಿ ಎಂದರೆ ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಕಳಿಸುವುದು, ರಸ್ತೆ ಬದಿಯ ಫಲಕದಲ್ಲಿ ತೋರಿಸುವುದು. ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ಇದು ಮೊದಲು ಚೆನ್ನಾಗಿ ನಡೆಯಿತು. ಇಲ್ಲಿ ಆನೆಯ ನಡೆಯನ್ನು ಬದಲಿಸುವ ಆಸೆಯನ್ನೇ ಬಿಟ್ಟು, ಬೆಳಿಗ್ಗೆ ಕೆಲಸಕ್ಕೆ ಹೊರಡುವವರ ದಾರಿಯನ್ನು ಬದಲಿಸಿದರು. ಬೆಳೆ ನಷ್ಟ ಇದರಿಂದ ನಿಲ್ಲುವುದಿಲ್ಲ. ಎದುರುಬದುರು ಸಿಕ್ಕಿ ಜೀವ ಹೋಗುವುದು ಕಡಿಮೆಯಾಗುತ್ತದೆ.

ಇನ್ನು ಎರಡು ನಂಬಿಕೆಗಳ ಬಗ್ಗೆ ಎಚ್ಚರ ಹೇಳಬೇಕು. ನೀವು ಹೋಗಿದ್ದ ಕಾರ್ಯಾಗಾರದಲ್ಲಿ ಒಂದು ಹತ್ತಿ ಬಟ್ಟೆಯ ಚೀಲ ಕೊಟ್ಟಿರಬೇಕಲ್ವಾ? ಬ್ರಿಟನ್ನಿನ ಪರಿಸರ ಇಲಾಖೆ 2011ರಲ್ಲಿ ಲೆಕ್ಕ ಹಾಕಿದ ಪ್ರಕಾರ ಹತ್ತಿ ಚೀಲವನ್ನು 131 ಸಲ ಬಳಸಿದರೆ ಮಾತ್ರ, ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲದಷ್ಟು ಹವಾಮಾನದ ಹೊರೆಗೆ ಇಳಿಯುತ್ತದೆ. ಹತ್ತಿ ಬೆಳೆಯಲು, ನೇಯಲು ಅಷ್ಟು ಖರ್ಚಾಗುತ್ತದೆ. ಹಾಗಂತ ಪ್ಲಾಸ್ಟಿಕ್ ಒಳ್ಳೆಯದು ಎಂದಲ್ಲ. ಆ ಲೆಕ್ಕದಲ್ಲಿ ಚರಂಡಿ ಕಟ್ಟಿಕೊಳ್ಳುವುದು, ದನದ ಹೊಟ್ಟೆ ಸೇರುವುದು ಬಂದಿಲ್ಲ. ನೈಸರ್ಗಿಕ ವಸ್ತು ಎಂದ ಕೂಡಲೇ ಒಳ್ಳೆಯದು ಎಂದು ಮಾರ್ಕು ಕೊಡಬೇಡಿ ಎಂಬುದಷ್ಟೇ ನನ್ನ ಮಾತು. ಪಲ್ಪರಿಗೂ ಇದು ಅನ್ವಯ. ಮರದ ಹಾಪರ್ ನೋಡಲು ಚಂದ. ಹುಳಿ ನೀರು ಕುಡಿದು ಬೇಗ ಕೊಳೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ದುಬಾರಿಯಾದರೂ ಬಹಳ ವರ್ಷ ಬಾಳುತ್ತದೆ, ಕೊನೆಗೆ ಗುಜರಿಯಲ್ಲೂ ಬೆಲೆ ಇದೆ.

ಎರಡನೆಯದು, ಕಡಿಮೆ ನೀರು ಕುಡಿಯುವ ಯಂತ್ರ ಬಂದರೆ ನೀರು ತಾನಾಗಿ ಉಳಿಯುತ್ತದೆ ಎಂಬ ನಂಬಿಕೆ. ಕಲ್ಲಿದ್ದಲನ್ನು ಮಿತವಾಗಿ ಸುಡುವ ಉಗಿ ಯಂತ್ರಗಳು ಬಂದ ಮೇಲೆ ಕಲ್ಲಿದ್ದಲಿನ ಬಳಕೆ ಹೆಚ್ಚಿತೇ ಹೊರತು ಇಳಿಯಲಿಲ್ಲ ಎಂದು ಇಂಗ್ಲೆಂಡಿನ ವಿಲಿಯಂ ಜೆವನ್ಸ್ 1865ರಲ್ಲೇ ತೋರಿಸಿದ್ದರು. ಇಲ್ಲೂ ಹಾಗೇ ಆಗಬಹುದು. ನೀರು ಉಳಿಯಿತು ಎಂದು ಇಲ್ಲಿಯವರೆಗೆ ಹಣ್ಣನ್ನು ಹಾಗೇ ಒಣಗಿಸಿ ಚೆರ್ರಿ ಮಾಡುತ್ತಿದ್ದ ರೊಬಸ್ಟಾವನ್ನೂ ಪಲ್ಪ್ ಮಾಡಲು ಶುರುಮಾಡಬಹುದು, ಪಕ್ಕದವರ ಹಣ್ಣೂ ತರಿಸಬಹುದು. ಅದರಲ್ಲಿ ತಪ್ಪೇನಿಲ್ಲ, ಆದಾಯ ಅಲ್ವಾ. ಆದರೆ 'ನಮ್ಮ ಯಂತ್ರದಿಂದ ಇಷ್ಟು ನೀರು ಉಳಿತಾಯ' ಎಂದು ಕರಪತ್ರದಲ್ಲಿ ಹಾಕುವ ಮುಂಚೆ ಕಿಲೋ ಹಣ್ಣಿಗೆ ಎಷ್ಟು, ಇಡೀ ಸೀಸನ್ನಿಗೆ ಎಷ್ಟು ಎಂದು ಎರಡನ್ನೂ ನೋಡಿ.

ಸರಿ, ನಿಮ್ಮ ಮುಂದೆ ಯಾವ ದಾರಿಗಳಿವೆ?

ಗಿರಾಕಿ ಕೇಳಿದ ಮಾಮೂಲಿ ಪಲ್ಪರನ್ನೇ ಮಾಡಿ, ಅದರ ಕೆಳಗೆ ಜರಡಿ ಮತ್ತು ತೊಟ್ಟಿ ಇಟ್ಟು ಅದೇ ನೀರನ್ನು ಮತ್ತೆ ಮೇಲಕ್ಕೆ ಪಂಪ್ ಮಾಡುವುದು ಒಂದು ದಾರಿ. ಖರ್ಚು ಕಡಿಮೆ, ಮಾವನಿಗೂ ಒಪ್ಪಿಗೆಯಾಗುತ್ತದೆ. ಅಪಾಯ ಇರುವುದು ಸೋಮಾರಿತನದಲ್ಲಿ. ತಿರುಗಿಸಿದ ನೀರನ್ನು ಅವತ್ತೇ ಖಾಲಿ ಮಾಡಬೇಕು. ನಿನ್ನೆಯ ನೀರಿಗೆ ಇವತ್ತಿನ ಹಣ್ಣು ಹಾಕಿದರೆ ಹುಳಿ ವಾಸನೆ ಬೀಜಕ್ಕೆ ಹತ್ತಿ ಪಾರ್ಚ್‌ಮೆಂಟಿನ (ಪಲ್ಪ್ ಮಾಡಿ ಒಣಗಿಸಿದ ಬೀಜದ) ಬೆಲೆ ಬೀಳುತ್ತದೆ. ಹಾಗಾಗಿ ತೊಟ್ಟಿಯ ತಳದ ವಾಲ್ವನ್ನು ಪಲ್ಪರ್ ನಡೆಸುವವರ ಕೈಗೆ ಸುಲಭವಾಗಿ ಸಿಗುವ ಕಡೆ ಇಡಿ. ಬಗ್ಗಿ ಕೆಸರಿನಲ್ಲಿ ತಡಕಾಡುವ ಹಾಗಿದ್ದರೆ ರಾತ್ರಿ ಹತ್ತು ಗಂಟೆಗೆ ಯಾರೂ ತೆರೆಯುವುದಿಲ್ಲ.

ಎಕೋ ಪಲ್ಪರ್ ಮಾದರಿಯದು ಇನ್ನೊಂದು. ಸಿಪ್ಪೆ ಬಿಡಿಸಿದ ಮೇಲೆ ಲೋಳೆಯನ್ನೂ ಯಂತ್ರವೇ ಉಜ್ಜಿ ತೆಗೆಯುತ್ತದೆ. ಅರೇಬಿಕಾ ಜಾತಿಯ ಕಾಫಿಯನ್ನು ತೊಟ್ಟಿಯಲ್ಲಿ 24ರಿಂದ 36 ಗಂಟೆ ಹುದುಗಲು ಬಿಡುವುದು, ರೊಬಸ್ಟಾವನ್ನು ಮೂರು ದಿನದವರೆಗೂ ಬಿಡುವುದು, ಆಮೇಲೆ ಮತ್ತೆ ಮತ್ತೆ ತೊಳೆಯುವುದು, ಇದೆಲ್ಲ ತಪ್ಪುತ್ತದೆ. ನೀರು ಹಲವು ಪಟ್ಟು ಕಡಿಮೆ ಸಾಕು. ಪರಿಸರದ ಮಾತಾಡುವವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮುಂದಿನ ಕಥೆಯನ್ನು ಯಂತ್ರ ಮಾಡುವವರು ಹೇಳಬೇಕು. ನೀರು ಕಡಿಮೆಯಾಯಿತೇ ಹೊರತು ಲೋಳೆ ಕಡಿಮೆಯಾಗಿಲ್ಲ. ಹೊರಬರುವುದು ಗಂಜಿಯಂತಹ ಮಂದ ದ್ರವ, ಲೀಟರಿಗೆ ಲೀಟರ್ ಹೋಲಿಸಿದರೆ ಹಳೆಯದಕ್ಕಿಂತ ಹೊಲಸು ಜಾಸ್ತಿ. ಇದು ಹಳ್ಳಕ್ಕೆ ಜಾರಿದರೆ ಪರಿಣಾಮ ಜೋರಾಗಿಯೇ ಇರುತ್ತದೆ. ಪ್ರಮಾಣ ಸಣ್ಣದಾದ್ದರಿಂದ ಸಂಭಾಳಿಸುವುದು ಸುಲಭ ಎಂಬುದೇ ಅದರ ಲಾಭ. ಸಿಪ್ಪೆಯ ಜೊತೆ ಸೇರಿಸಿ, ಸಗಣಿ, ಸ್ವಲ್ಪ ಸುಣ್ಣ ಹಾಕಿ ಗೊಬ್ಬರದ ಗುಂಡಿಗೆ ತಳ್ಳಬಹುದು. ಆ ಗುಂಡಿಯ ತಳದಿಂದ ಇಂಗದ ಹಾಗೆ ನೋಡಿಕೊಳ್ಳಬೇಕು. ಹಾಗಾಗಿ ಗುಂಡಿಯ ಡ್ರಾಯಿಂಗೂ ಯಂತ್ರದ ಡ್ರಾಯಿಂಗಿನ ಜೊತೆಯಲ್ಲೇ ಹೋಗಲಿ.

ಇದರ ಬೇರೆ ಅಪಾಯಗಳೂ ಇವೆ. ಮೋಟರ್ ದೊಡ್ಡದು ಬೇಕು, ನಮ್ಮ ಕಡೆಯ ತ್ರೀ ಫೇಸ್ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಕರೆಂಟ್ ಹೋದರೆ ಡೀಸೆಲ್ ಜನರೇಟರ್. ಆಗ ನೀರಿನಲ್ಲಿ ಉಳಿಸಿದ್ದನ್ನು ಹೊಗೆಯಲ್ಲಿ ಕಳೆದ ಹಾಗೆ. ಕಾಯಿ, ಅರೆಹಣ್ಣು, ಹಣ್ಣು ಬೆರೆತು ಬಂದರೆ ಬೀಜಕ್ಕೆ ಪೆಟ್ಟು ಬೀಳುತ್ತದೆ. ಆಳು ಸಿಗದೆ ಒಂದೇ ಸಲಕ್ಕೆ ಎಲ್ಲ ಉದುರಿಸುವ ತೋಟಗಳಲ್ಲಿ ಇದು ದಿನದ ಮಾತು. ತೊಟ್ಟಿಯಲ್ಲಿ ಹುದುಗಿಸಿದ ಕಾಫಿಯ ರುಚಿಯೇ ಬೇಕು ಎನ್ನುವ ಖರೀದಿದಾರರೂ ಇದ್ದಾರೆ. ಬಿಡಿಭಾಗ ಹಾಸನದ ಲೇತ್‌ನಲ್ಲಿ ಆಗುವಂತಿದ್ದರೆ ಅರ್ಧ ಗೆದ್ದ ಹಾಗೆ.

ಹತ್ತಾರು ಸಣ್ಣ ಬೆಳೆಗಾರರು ಸೇರಿ ಒಂದು ಯಂತ್ರ ಇಟ್ಟುಕೊಳ್ಳುವುದು ಕಾಗದದ ಮೇಲೆ ಬಹಳ ಚಂದ. ಕೊಯ್ಲಿನ ಜೋರು ದಿನಗಳಲ್ಲಿ ಎಲ್ಲರ ಹಣ್ಣೂ ಒಂದೇ ಸಂಜೆ ಬರುತ್ತದೆ, ಯಾರದು ಮೊದಲು ಎಂದು ಜಗಳ. ಹೊಲಸು ನೀರೂ ಒಂದೇ ಕಡೆ ಸೇರುತ್ತದೆ. ಸಂಬಂಧಿಕರೇ ಇರುವ ನಾಲ್ಕೈದು ತೋಟಗಳಿಗಾದರೆ ನಡೆಯಬಹುದು.

ಪಲ್ಪಿಂಗೇ ಬೇಡ, ಹಣ್ಣನ್ನು ಹಾಗೇ ಒಣಗಿಸಿ ಚೆರ್ರಿ ಮಾಡಿ ಎಂದು ಗಿರಾಕಿಗೆ ಹೇಳುವುದೂ ಒಂದು ದಾರಿ. ಯಂತ್ರ ಮಾರುವವರ ಬಾಯಲ್ಲಿ ಈ ಮಾತು ಬರುವುದು ಕಷ್ಟ! ಆದರೆ ಕೆರೆ ಸಣ್ಣದಿದ್ದು, ಕಣ ದೊಡ್ಡದಿದ್ದು, ರೊಬಸ್ಟಾ ಮಾತ್ರ ಇರುವ ತೋಟಕ್ಕೆ ಇದೇ ಸರಿ ಇರಬಹುದು. ಪಾರ್ಚ್‌ಮೆಂಟಿಗೆ ಸಿಗುವ ಬೆಲೆ ಸಿಗುವುದಿಲ್ಲ. ಒಣಗಲು ದಿನ ಜಾಸ್ತಿ ಬೇಕು. ಈಚೆಗೆ ಜನವರಿಯಲ್ಲೂ ಅಕಾಲ ಮಳೆ ಬರುತ್ತಿರುವುದರಿಂದ ಬೂಷ್ಟಿನ ಭಯವೂ ಇದೆ.

ಯಾವ ದಾರಿ ಹಿಡಿದರೂ ವಿನ್ಯಾಸ ಒಂದೇ ಎಲ್ಲ ಸರಿ ಮಾಡುತ್ತದೆ ಎಂದು ನಂಬಬೇಡಿ. ನಮ್ಮ ತೋಟಗಳಲ್ಲಿ ಕಾಡುಮರಗಳ ಜಾಗಕ್ಕೆ ಸಿಲ್ವರ್ ಓಕ್ ಬಂದದ್ದು ಯಾಕೆ? ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟಗೆ ಆಸರೆ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ ಅದನ್ನು ಕಡಿದು ಮಾರಲು ಕಾಡುಮರಕ್ಕಿರುವಷ್ಟು ಅನುಮತಿಯ ತಾಪತ್ರಯ ಇಲ್ಲ. ಯಾರೂ ನೆರಳು ಹಾಳುಮಾಡಬೇಕು ಎಂದು ಹೊರಡಲಿಲ್ಲ, ನಿಯಮ ಆ ಕಡೆ ತಳ್ಳಿತು. ಹಾಗೆಯೇ ನಿಯಮ ಒಳ್ಳೆಯ ಕಡೆಗೂ ತಳ್ಳಬಲ್ಲದು. ಫೋನುಗಳಿಗೆ ಒಂದೇ ಥರದ ಚಾರ್ಜರ್ ಇರಲಿ ಎಂದು ವರ್ಷಗಟ್ಟಲೆ ಹೇಳಿದರೂ ಆಗಲಿಲ್ಲ. ಯುರೋಪಿನ ಒಕ್ಕೂಟ ಕಾನೂನು ಮಾಡಿ 2024ರ ಡಿಸೆಂಬರಿನಿಂದ ಕಡ್ಡಾಯ ಮಾಡಿದ ಮೇಲೆ ಎಲ್ಲ ಕಂಪನಿಗಳೂ ಒಪ್ಪಿಕೊಂಡವು. ನಮ್ಮಲ್ಲಿ ಹೊಳೆಗೆ ಹೊಲಸು ಬಿಡಬಾರದು ಎಂಬ ಕಾಯ್ದೆ 1974ರಿಂದಲೇ ಇದೆ. ಸಣ್ಣ ಬೆಳೆಗಾರನಿಗೆ ಅದನ್ನು ಪಾಲಿಸಲು ಆಗುವ ಬೆಲೆಯ ಯಂತ್ರ ಇಲ್ಲದಿರುವುದೂ ಅದು ಸರಿಯಾಗಿ ನಡೆಯದಿರುವುದಕ್ಕೆ ಒಂದು ಕಾರಣ. ನಿಮ್ಮಂಥವರಿಗೆ ಜಾಗ ಇರುವುದು ಅಲ್ಲೇ.

ಮಾವನ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಸತ್ಯ ಇದೆ. ರೇಟು ಜಾಸ್ತಿಯಾದರೆ ಗಿರಾಕಿ ಪಕ್ಕಕ್ಕೆ ಹೋಗುತ್ತಾರೆ. ಹಾಗಾಗಿ ಅವರ ಜೊತೆ ಜಗಳ ಬೇಡ, ಯಂತ್ರವನ್ನು ಎರಡು ತುಂಡು ಮಾಡಿ. ಈ ವರ್ಷ ಮೊದಲನೇ ದಾರಿಯ ಪಲ್ಪರ್, ಜರಡಿ, ತೊಟ್ಟಿ, ಪಂಪು. ಹಾಪರಿನ ಬಾಯಿಗೆ ಜಾಲರಿ, ಬೆಲ್ಟಿಗೆ ಕವರ್, ಎರಡೂ ಯಂತ್ರದ ಜೊತೆಗೇ, ಬೇರೆ ರೇಟಿಲ್ಲದೆ. ಲೋಳೆ ಉಜ್ಜುವ ಭಾಗವನ್ನು ಆಮೇಲೆ ಜೋಡಿಸಲು ಫ್ರೇಮಿನಲ್ಲಿ ಜಾಗ, ಶಾಫ್ಟಿನ ತುದಿಯಲ್ಲಿ ಪುಲ್ಲಿ ಕೂರಿಸುವಷ್ಟು ಉದ್ದ ಬಿಟ್ಟಿಡಿ. ಬೆಳೆಗಾರರ ಕೈಯಲ್ಲಿ ದುಡ್ಡು ಬಂದ ವರ್ಷ ಅದನ್ನು ಹಾಕಿಸಿಕೊಳ್ಳುತ್ತಾರೆ, ಹಳೆಯದನ್ನು ಗುಜರಿಗೆ ಹಾಕಬೇಕಿಲ್ಲ. ಕಾಫಿ ಬೋರ್ಡಿನ ಸಬ್ಸಿಡಿ ಆಗಾಗ ಬದಲಾಗುತ್ತದೆ. ಬೆಲೆ ಹೇಳುವ ಮುಂಚೆ ಹತ್ತಿರದ ಕಚೇರಿಯಲ್ಲಿ ಈಗ ಏನಿದೆ ಎಂದು ಕೇಳಿ ಬನ್ನಿ.

ಪ್ರಯೋಗಕ್ಕೆ ಎರಡು ತೋಟ ಸಾಕು. ಒಂದರಲ್ಲಿ ಕೆರೆ ಚೆನ್ನಾಗಿರಲಿ, ಇನ್ನೊಂದರಲ್ಲಿ ಫೆಬ್ರವರಿಗೇ ಬತ್ತುವಂಥದ್ದಿರಲಿ. ನೀರಿನ ಮೀಟರ್ ಕೂರಿಸುವಾಗ ಪಲ್ಪರಿಗೆ ಹೋಗುವ ಪೈಪಿಗೊಂದು, ತೊಳೆಯುವ ತೊಟ್ಟಿಗೆ ಹೋಗುವ ಪೈಪಿಗೊಂದು ಬೇರೆ ಬೇರೆ ಹಾಕಿ. ಒಂದೇ ಹಾಕಿದರೆ ನೀರು ಯಾವುದಕ್ಕೆ ಹೋಯಿತು ಗೊತ್ತಾಗುವುದಿಲ್ಲ. ದಿನದ ಅಂಕಿಯನ್ನು ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹಣ್ಣಿನ ತೂಕದ ಪುಸ್ತಕದಲ್ಲೇ ಪಕ್ಕದ ಕಾಲಮ್ಮಿನಲ್ಲಿ ಬರೆಸಿ, ಬೇರೆ ಪುಸ್ತಕ ಕೊಟ್ಟರೆ ಬರೆಯುವುದಿಲ್ಲ. ಮೊದಲು ಬರುವ ಅರೇಬಿಕಾ ಸೀಸನ್ನಿಗೆ ಯಂತ್ರ ತಯಾರಾಗದಿದ್ದರೆ ಗಾಬರಿ ಬೇಡ, ರೊಬಸ್ಟಾ ಕೊಯ್ಲಿಗೆ ಸಿಕ್ಕರೂ ಸಾಕು.